ಸ್ನೇಹವೂ ಜೀರ್ಣೋದ್ಧಾರವೂ

ಜೀರ್ಣವಾದುದನ್ನು ಉದ್ಧರಿಸುವುದು ಹೊಸದನ್ನು ಕಟ್ಟಿಸುವುದಕ್ಕಿಂತ ಮೇಲೆಂಬ ಭಾವನೆ ಈ ನಾಡಿನಲ್ಲಿ ಬಹುಕಾಲದಿಂದ ನೆಲೆಗೊಂಡಿದೆ. ಬಿರುಕುಬಿಟ್ಟ ಗುಡಿಯನ್ನು ನಿಲ್ಲಿಸಿದವನನ್ನೂ ಹೂಳು ತುಂಬಿದ ಕೆರೆಯನ್ನು ತೆಗೆಸಿದವನನ್ನೂ ಜನ ನೆನೆಯುತ್ತಾರೆ. ಗುಡಿಯಲ್ಲಿ ಪೂಜೆಯುಂಟು, ಕೆರೆಯಲ್ಲಿ ನೀರುಂಟು. ಅವುಗಳ ಉದ್ಧಾರಕ್ಕೆ ಕಾರಣವನ್ನು ಕೇಳುವವರಿಲ್ಲ. ಆದರೆ ಪೂಜೆಯೂ ಇಲ್ಲದ, ನೀರೂ ಇಲ್ಲದ, ತುಕ್ಕು ಹಿಡಿದು ಮೂಲೆಯಲ್ಲಿ ಬಿದ್ದಿರುವ ಒಂದು ಕಬ್ಬಿಣದ ಯಂತ್ರಕ್ಕೂ ಈ ಮಾತು ಸಲ್ಲುವುದೇ? ಅದನ್ನು ತಿಂಗಳುಗಟ್ಟಲೆ ಉಜ್ಜಿ, ಬಿಚ್ಚಿ, ಎಣ್ಣೆಯೆರೆದು ಮತ್ತೆ ನಡೆಯಿಸುವವನು ಮಾಡುತ್ತಿರುವುದು ಧರ್ಮವೋ ಅಥವಾ ಬರಿಯ ಮೋಹವೋ? ಪ್ರಶ್ನೆ ಸಣ್ಣದಾಗಿ ತೋರಿದರೂ ಅದರ ಬೇರು ಆಳದಲ್ಲಿದೆ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು, ಉಳಿಸುವುದಾದರೆ ಯಾರಿಗಾಗಿ ಎಂಬ ವಿವೇಚನೆ ಮನುಷ್ಯನ ಬಾಳಿನಲ್ಲೆಲ್ಲ ಎದುರಾಗುವಂತಹುದು.

ವಿಚಾರಕ್ಕೆ ಹಿಡಿತವಿರಲೆಂದು ಒಂದು ಯಂತ್ರವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಕಬ್ಬಿಣದ ಸಲಾಕೆಗಳನ್ನು ಕೊಯ್ಯುವ ಯಂತ್ರಗರಗಸವನ್ನು, ಕಾರ್ಖಾನೆಗಳಲ್ಲಿ ಪವರ್ ಹ್ಯಾಕ್ಸಾ ಎಂದು ಕರೆಯುವುದನ್ನು, ಹಲವರು ನೋಡಿರಬಹುದು. ಮೋಟಾರಿನಿಂದ ಒಂದು ಚಕ್ರ ತಿರುಗುತ್ತದೆ. ಚಕ್ರದ ಅಂಚಿನ ಕೀಲಿಗೆ ಸೇರಿಸಿದ ದಂಡವು ಆ ಸುತ್ತುವಿಕೆಯನ್ನು ಹಿಂದು ಮುಂದಿನ ಚಲನೆಯಾಗಿ ಮಾರ್ಪಡಿಸುತ್ತದೆ. ಬಿಲ್ಲಿನಂತೆ ಬಾಗಿದ ಚೌಕಟ್ಟೊಂದು ಬಿಗಿದ ಗರಗಸದ ಅಲಗನ್ನು ಹಿಡಿದು ಜಾರುದಾರಿಯ ಮೇಲೆ ಓಡಾಡುತ್ತದೆ. ಬಹುಪಾಲು ಯಂತ್ರಗಳಲ್ಲಿ ಎಳೆಯುವ ಓಟದಲ್ಲಿ ಮಾತ್ರ ಹಲ್ಲು ಲೋಹವನ್ನು ಕಚ್ಚುತ್ತದೆ. ಮರಳುವ ಓಟದಲ್ಲಿ ಚೌಕಟ್ಟು ಕೂದಲೆಳೆಯಷ್ಟು ಮೇಲೆದ್ದು ಹಲ್ಲಿಗೆ ಬಿಡುವು ಕೊಡುತ್ತದೆ. ಆ ಬಿಡುವು ತಪ್ಪಿದರೆ ಹಲ್ಲು ಹಿಮ್ಮುಖವಾಗಿ ಉಜ್ಜಿ ಬಹುಬೇಗ ಮೊಂಡಾಗುವುದು. ಇಂಗ್ಲೆಂಡಿನ ಕೆಟರಿಂಗ್ ಪಟ್ಟಣದಲ್ಲಿ ಇಂತಹ ಗರಗಸಗಳನ್ನು ಮಾಡಿಸಿದವರಲ್ಲಿ ಚಾರ್ಲ್ಸ್ ವಿಕ್‌ಸ್ಟೀಡ್ ಎಂಬ ಯಂತ್ರಶಿಲ್ಪಿ ಒಬ್ಬನು. 1847 ರಲ್ಲಿ ಹುಟ್ಟಿ 1931 ರಲ್ಲಿ ತೀರಿಕೊಂಡ ಈತನು ತನ್ನ ಸಂಪಾದನೆಯಿಂದ ಆ ಊರಿನ ಮಕ್ಕಳಿಗಾಗಿ ವಿಶಾಲವಾದ ಉದ್ಯಾನವನ್ನು ಕಟ್ಟಿ 1921 ರಲ್ಲಿ ತೆರೆಯಿಸಿದನು. ಉಯ್ಯಾಲೆ, ಜಾರುಬಂಡೆಗಳನ್ನೂ ತನ್ನ ಕಾರ್ಖಾನೆಯಲ್ಲೇ ಮಾಡಿಸಿದನು. ಕಬ್ಬಿಣವನ್ನು ಕೊಯ್ಯುವ ತೂಗಾಟವೂ ಮಕ್ಕಳನ್ನು ನಗಿಸುವ ತೂಗಾಟವೂ ಒಂದೇ ಕೈಯಿಂದ ಬಂದವು. ಯಂತ್ರವೆಂದರೆ ನಿರ್ದಯವಾದುದೆಂದು ತಿಳಿಯುವವರು ಇದನ್ನು ಗಮನಿಸತಕ್ಕದ್ದು.

ಇಂತಹ ಗರಗಸವೊಂದು ದಶಕಗಳ ಮೇಲೆ ಗುಜರಿಯವನ ಅಂಗಳಕ್ಕೆ ಬಂದಿದೆಯೆಂದು ಭಾವಿಸೋಣ. ಅದನ್ನು ಕುರಿತು ಪೂರ್ವಪಕ್ಷದವನು ಹೇಳುವ ಮಾತು ಹೀಗಿದೆ: ಕಾಲ ಮುಂದುವರಿದಿದೆ. ಪಟ್ಟಿಯಂತೆ ಎಡೆಬಿಡದೆ ಸುತ್ತುವ ಬ್ಯಾಂಡ್‌ಸಾ ಬಂದ ಮೇಲೆ, ಅರ್ಧ ಓಟವನ್ನು ಬರಿದೆ ಕಳೆಯುವ ಈ ಹಳೆಯ ಗರಗಸಕ್ಕೆ ಬೆಲೆಯಿಲ್ಲ. ಅದನ್ನು ಕುಲುಮೆಗೆ ಕಳುಹಿಸಿದರೆ ಕಬ್ಬಿಣ ನಾಶವಾಗುವುದಿಲ್ಲ; ಕರಗಿ ಬೇರೊಂದು ರೂಪವನ್ನು ತಾಳುತ್ತದೆ. ದೇಹ ಹೋದರೂ ದ್ರವ್ಯ ಉಳಿಯುವಾಗ ಶೋಕವೇಕೆ? ಹಳೆಯ ವಸ್ತುವನ್ನು ಅಪ್ಪಿಕೊಂಡು ಕೂರುವುದು ಮಮಕಾರ. ಅದರ ಹಿಂದೆ ಕಳೆದ ಹೊತ್ತನ್ನು ಬೇರೆ ಸತ್ಕಾರ್ಯಕ್ಕೆ ಕೊಡಬಹುದಾಗಿತ್ತು.

ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕುಲುಮೆಯಲ್ಲಿ ಕಬ್ಬಿಣ ಉಳಿಯುವುದು ನಿಜ. ಆದರೆ ಉಳಿಯದೆ ಹೋಗುವುದು ಒಂದುಂಟು. ಎರಕವನ್ನು ಹದವಾಗಿ ಹೊಯ್ದು, ಜಾರುದಾರಿಯನ್ನು ನೇರಕ್ಕೆ ಕೆತ್ತಿ, ಹೊರಳುಗೂಡಿಗೂ ದಂಡಕ್ಕೂ ನಡುವೆ ಎಣ್ಣೆಗೆ ಮಾತ್ರ ಎಡೆಯಿರುವಂತೆ ಹೊಂದಿಸಿದ ಕೈಗಳ ಅರಿವು ಆ ಯಂತ್ರದಲ್ಲಿ ಸೇರಿದೆ. ಅದನ್ನು ಸಂಸ್ಕಾರವೆಂದು ಕರೆಯಬಹುದು. ದ್ರವ್ಯವು ಬೆಂಕಿಯನ್ನು ದಾಟುತ್ತದೆ, ಸಂಸ್ಕಾರವು ದಾಟುವುದಿಲ್ಲ. ಕರಗಿದ ಮರುಕ್ಷಣ ಕಬ್ಬಿಣವು ಮತ್ತೆ ಏನೂ ಅರಿಯದ ಕಬ್ಬಿಣವಾಗುತ್ತದೆ. ಆ ನೇರವನ್ನೂ ಹೊಂದಿಕೆಯನ್ನೂ ಮತ್ತೆ ಮೊದಲಿನಿಂದ, ಮತ್ತೊಬ್ಬರ ಬೆವರಿನಿಂದ ಪಡೆಯಬೇಕು. ಆದುದರಿಂದ ಇನ್ನೂ ದುಡಿಯಬಲ್ಲ ಯಂತ್ರವನ್ನು ಕುಲುಮೆಗೆ ಹಾಕುವವನು ಕಬ್ಬಿಣವನ್ನು ವ್ಯರ್ಥಮಾಡದಿದ್ದರೂ ಶ್ರಮವನ್ನು ವ್ಯರ್ಥಮಾಡುತ್ತಾನೆ. ಹಗ್ಗ ಹೊಸೆದ ನುಲಿಯ ಚಂದಯ್ಯನನ್ನೂ ಬಿದಿರಿನಲ್ಲಿ ದುಡಿದ ಮೇದಾರ ಕೇತಯ್ಯನನ್ನೂ ಬಲ್ಲ ವಾಚಕರಿಗೆ ಶ್ರಮದ ಈ ಬೆಲೆಯನ್ನು ವಿವರಿಸಿ ಹೇಳಬೇಕಾದುದಿಲ್ಲ.

ಇನ್ನೊಂದು ಆಕ್ಷೇಪ ತರ್ಕದ ಕಡೆಯಿಂದ ಬರುತ್ತದೆ. ಉದ್ಧರಿಸುವವನು ಮೋಟಾರನ್ನು ಬದಲಿಸುತ್ತಾನೆ, ಪಟ್ಟಿಯನ್ನು ಬದಲಿಸುತ್ತಾನೆ, ಸವೆದ ಕಂಚಿನ ಬುಶ್‌ಗಳನ್ನು ಕಿತ್ತು ಹೊಸದನ್ನು ಕೂರಿಸುತ್ತಾನೆ; ಅಲಗಂತೂ ಎಷ್ಟನೆಯದೋ ಲೆಕ್ಕವಿಲ್ಲ. ಹೀಗೆ ಅಂಗಗಳೆಲ್ಲ ಬದಲಾದ ಮೇಲೆ ಉದ್ಧಾರವಾದದ್ದು ಯಾವುದು? ಗ್ರೀಕರ ಪ್ಲೂಟಾರ್ಕನು ಥೀಸಿಯಸನ ಹಡಗನ್ನು ಕುರಿತು ಬರೆಯುತ್ತ ಇದೇ ಸಂಶಯವನ್ನು ಎತ್ತಿದ್ದಾನೆ. ಪಾಲಿಭಾಷೆಯ ಮಿಲಿಂದಪ್ರಶ್ನ ಗ್ರಂಥದಲ್ಲಿ ನಾಗಸೇನನು ಯವನ ದೊರೆಗೆ ರಥದ ದೃಷ್ಟಾಂತವನ್ನು ಕೊಟ್ಟು, ಗಾಲಿ ಅಚ್ಚುಗಳ ಹೊರತಾಗಿ ರಥವೆಂಬುದು ಬೇರೆಯಿಲ್ಲ, ಅದು ವ್ಯವಹಾರದ ಹೆಸರೆಂದು ತೋರಿಸುತ್ತಾನೆ. ನ್ಯಾಯವೈಶೇಷಿಕರು ಇದನ್ನು ಒಪ್ಪರು. ಅವಯವಗಳಿಂದ ಬೇರೆಯಾದ ಅವಯವಿ ಎಂಬುದೊಂದು ಉಂಟು. ಅವಯವ ಕಳಚಿದಾಗ ಹಳೆಯ ಅವಯವಿ ಹೋಗಿ ಹೊಸದು ಹುಟ್ಟುವುದೆಂದು ಅವರ ಮತ. ಈ ಎರಡು ಪಕ್ಷಗಳಲ್ಲಿ ಯಾವುದನ್ನು ಹಿಡಿದರೂ ಹಳೆಯ ಗರಗಸವು ಹಳೆಯದಾಗಿಯೇ ಉಳಿಯಿತೆಂದು ಹೇಳುವುದು ಕಷ್ಟ.

ಆದರೆ ಕಾರ್ಖಾನೆಯವನ ಪ್ರಶ್ನೆ ತಾರ್ಕಿಕನ ಪ್ರಶ್ನೆಯಲ್ಲ. ಇದು ಅದೇ ಗರಗಸವೋ ಎಂದು ಅವನು ಕೇಳುವುದಿಲ್ಲ. ಇದು ನೇರವಾಗಿ ಕೊಯ್ಯುವುದೋ ಎಂದು ಕೇಳುತ್ತಾನೆ. ಅಲಗು ಸವೆಯುವುದಕ್ಕೆಂದೇ ಹುಟ್ಟಿದೆ. ಬುಶ್ ತಾನು ಸವೆದು ದಂಡವನ್ನು ಉಳಿಸುವುದಕ್ಕೆ ಇದೆ. ಕಂಚನ್ನು ಉಕ್ಕಿಗಿಂತ ಮೆದುವಾಗಿ ಮಾಡಿರುವುದು ಇದಕ್ಕಾಗಿ. ಇವುಗಳನ್ನು ಬದಲಿಸುವುದು ಯಂತ್ರಕ್ಕೆ ದ್ರೋಹವಲ್ಲ, ಯಂತ್ರವನ್ನು ಮಾಡಿದವನ ಅಭಿಪ್ರಾಯವನ್ನು ನಡೆಯಿಸಿದಂತೆ. ಬದಲಾಗಬೇಕಾದುದು ಬದಲಾಗುತ್ತ, ನಿಲ್ಲಬೇಕಾದುದು ನಿಂತಿರುವುದೇ ಯಂತ್ರದ ಬಾಳು. ಯಾವುದು ಯಾವ ವರ್ಗಕ್ಕೆ ಸೇರಿದ್ದೆಂದು ಗುರುತಿಸುವ ವಿವೇಕವೇ ಉದ್ಧಾರಕನಿಗೆ ಮೊದಲು ಬೇಕಾದದ್ದು. ಸಂಪ್ರದಾಯಗಳನ್ನು ಉಳಿಸಹೊರಡುವವರಿಗೂ ಇದು ಸಲ್ಲುವ ಮಾತು.

ಈಗ ಎಣ್ಣೆಯ ವಿಚಾರ. ಸಂಸ್ಕೃತದಲ್ಲಿ ಸ್ನೇಹವೆಂದರೆ ಎಣ್ಣೆ. ಸ್ನೇಹವೆಂದರೆ ಪ್ರೀತಿಯೂ ಹೌದು. ಕನ್ನಡದ ಭೌತವಿಜ್ಞಾನದ ಪುಸ್ತಕಗಳಲ್ಲಿ ದ್ರವದ ಮಂದಗತಿಗೆ ಬಳಸುವ ಸ್ನಿಗ್ಧತೆ ಎಂಬ ಪದವೂ ಅದೇ ಧಾತುವಿನಿಂದ ಬಂದುದು. ವೈಶೇಷಿಕರು ಎಣಿಸುವ ಇಪ್ಪತ್ತನಾಲ್ಕು ಗುಣಗಳಲ್ಲಿ ಸ್ನೇಹವೂ ಒಂದು. ಬಿಡಿಬಿಡಿಯಾದ ಹಿಟ್ಟಿನ ಕಣಗಳು ಮುದ್ದೆಯಾಗಿ ಕೂಡುವುದಕ್ಕೆ ಅದು ಕಾರಣವೆಂದು ಅವರು ಹೇಳುತ್ತಾರೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅಭ್ಯಂಗದ ಗುಣವನ್ನು ತಿಳಿಸುವಾಗ ಮಡಕೆ, ತೊಗಲು, ಬಂಡಿಯ ಅಚ್ಚು ಇವುಗಳ ಹೋಲಿಕೆ ಬರುತ್ತದೆ: ಎಣ್ಣೆಯುಂಡ ಅಚ್ಚು ಹೇಗೆ ಗಟ್ಟಿಯಾಗಿ ಭಾರವನ್ನು ತಾಳುವುದೋ ಹಾಗೆಯೇ ದೇಹವೆಂದು ಅದರ ಭಾವ. ಕೀಲೆಣ್ಣೆ ಹಾಕದೆ ಗಾಡಿಯನ್ನು ಹೂಡಬಾರದೆಂದು ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಗಾಲಿಯ ಕಿರುಚೇ ಕಲಿಸುತ್ತದೆ.

ಎಣ್ಣೆಯು ಮಾಡುವ ಕೆಲಸವೇನೆಂಬುದು ವಿಜ್ಞಾನಕ್ಕೆ ತಿಳಿದದ್ದು ತಕ್ಕಮಟ್ಟಿಗೆ ಈಚೆಗೆ. 1883 ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬೋಚಾಂಪ್ ಟವರ್ ಎಂಬವನು ರೈಲುಬಂಡಿಯ ಅಚ್ಚುಗಳ ಹೊರಳುಗೂಡನ್ನು ಪರೀಕ್ಷಿಸುತ್ತಿದ್ದನು. ಎಣ್ಣೆ ಬಿಡುವುದಕ್ಕೆಂದು ಗೂಡಿನ ನೆತ್ತಿಯಲ್ಲಿ ರಂಧ್ರ ಕೊರೆದನು. ಅಚ್ಚು ತಿರುಗತೊಡಗಿದಾಗ ಎಣ್ಣೆ ಒಳಕ್ಕೆ ಇಳಿಯುವುದಕ್ಕೆ ಬದಲಾಗಿ ಅದೇ ರಂಧ್ರದಿಂದ ಮೇಲಕ್ಕುಕ್ಕಿತು. ಬಿರಡೆ ಬಡಿದರೆ ಬಿರಡೆಯೂ ಹೊರಕ್ಕೆ ಬಂತು. ಒತ್ತಡವನ್ನು ಅಳೆದಾಗ ಚದರ ಅಂಗುಲಕ್ಕೆ 200 ಪೌಂಡಿಗೂ ಮಿಕ್ಕಿತ್ತು. ಇದರ ಗಣಿತವನ್ನು ಆಸ್ಬರ್ನ್ ರೆನಾಲ್ಡ್ಸ್ 1886 ರಲ್ಲಿ ನಿರೂಪಿಸಿದನು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಇಕ್ಕಟ್ಟಿನೊಳಕ್ಕೆ ಸೆಳೆದುಕೊಳ್ಳುತ್ತದೆ. ಆ ತೆಳುಪೊರೆಯ ಮೇಲೆ ಬಂಡಿಯ ಭಾರವೆಲ್ಲ ತೇಲುತ್ತದೆ. ಲೋಹವು ಲೋಹವನ್ನು ಮುಟ್ಟುವುದೇ ಇಲ್ಲ. ಕಣ್ಣಿಗೆ ಕಾಣದಷ್ಟು ತೆಳುವಾದುದು, ಹಿಡಿದರೆ ಜಾರಿಹೋಗುವಂತಹುದು, ಕಬ್ಬಿಣ ಹೊರಲಾರದ್ದನ್ನು ಹೊರುತ್ತದೆ.

ಆದರೆ ಈ ಪೊರೆ ನಿಲ್ಲುವುದು ಚಲನೆಯಿರುವಾಗ ಮಾತ್ರ. ಚಲನೆ ನಿಂತೊಡನೆ ಪೊರೆ ಕುಸಿದು ಲೋಹ ಲೋಹದ ಮೇಲೆ ಕೂರುತ್ತದೆ. ಗರಗಸದ ಚೌಕಟ್ಟು ಪ್ರತಿ ಓಟದ ತುದಿಯಲ್ಲಿಯೂ ಒಂದು ಕ್ಷಣ ನಿಂತು ಹಿಂದಿರುಗುತ್ತದೆ. ಆಗ ಮೇಲ್ಮೈಗೆ ಅಂಟಿ ಉಳಿದ ಅತಿ ತೆಳುವಾದ ಎಣ್ಣೆಯೊಂದೇ ಅದನ್ನು ಕಾಯಬೇಕು. ಜಾರುದಾರಿಗೆ ಒಂದಿಷ್ಟು ಅಂಟುವ ಸ್ವಭಾವದ ಎಣ್ಣೆಯನ್ನು ಹೇಳುವುದು ಈ ಕಾರಣದಿಂದ. ಇಂದು ಸಾಮಾನ್ಯವಾಗಿ ಐಎಸ್‌ಒ 68 ಎಂಬ ದರ್ಜೆಯದನ್ನು ಬಳಸುತ್ತಾರೆ. ಮನುಷ್ಯರ ಸ್ನೇಹದಲ್ಲಿಯೂ ಒಡನಾಟ ನಡೆಯುತ್ತಿರುವಾಗ ಭಾರ ತಿಳಿಯುವುದಿಲ್ಲ. ದಿಕ್ಕು ಬದಲಾಗುವ ಘಳಿಗೆಯಲ್ಲಿಯೇ ಅದರ ಅಂಟಿನ ಪರೀಕ್ಷೆ.

ಎಣ್ಣೆ ಒಳ್ಳೆಯದೆಂದು ಕಂಡಕಂಡಲ್ಲಿ ಸುರಿಯುವುದೂ ಅವಿವೇಕ. ಎಣ್ಣೆಗಂಡಿಗೆ ಗ್ರೀಸನ್ನು ತುರುಕಿದರೆ ಅದು ಒಳದಾರಿಯನ್ನು ಕಟ್ಟುತ್ತದೆ. ಬಯಲಾಗಿರುವ ಜಾರುದಾರಿಗೆ ಗ್ರೀಸು ಬಳಿದರೆ ಲೋಹದ ಹುಡಿಯನ್ನು ಹಿಡಿದಿಟ್ಟುಕೊಂಡು ಸಾಣೆಯ ಹಿಟ್ಟಾಗಿ, ಕಾಯಬೇಕಾದದ್ದನ್ನೇ ಸವೆಸುತ್ತದೆ. ಅಗಸೆಯೆಣ್ಣೆಯಂತಹ ಒಣಗುವ ಎಣ್ಣೆಯನ್ನು ಹಾಕಿದರೆ ಕಾಲಕ್ರಮದಲ್ಲಿ ಗೋಂದಾಗುತ್ತದೆ. ಉಕ್ಕನ್ನು ಕೊಯ್ಯುವಾಗ ನೀರಿನಲ್ಲಿ ಬೆರೆತು ಹಾಲಿನಂತಾಗುವ ಎಣ್ಣೆಯನ್ನು ಅಲಗಿನ ಮೇಲೆ ಹರಿಸಿ ತಂಪುಮಾಡುತ್ತಾರೆ. ಎರಕದ ಕಬ್ಬಿಣವನ್ನಾದರೋ ಸಾಮಾನ್ಯವಾಗಿ ಒಣದಾಗಿಯೇ ಕೊಯ್ಯುತ್ತಾರೆ, ಏಕೆಂದರೆ ಅದರೊಳಗಿನ ಗ್ರಾಫೈಟೇ ಅದಕ್ಕೆ ಜಾರಿಕೆಯನ್ನು ಕೊಡುತ್ತದೆ. ಸ್ನೇಹವು ಪಾತ್ರವನ್ನೂ ಪ್ರಮಾಣವನ್ನೂ ಅರಿತಿರಬೇಕು. ಪ್ರೀತಿಯ ಹೆಸರಿನಲ್ಲಿ ಮಕ್ಕಳಿಗೆ ಕೇಳಿದ್ದನ್ನೆಲ್ಲ ಕೊಡುವ ತಂದೆತಾಯಿಗಳು ಎಣ್ಣೆಯ ಬದಲು ಗ್ರೀಸನ್ನು ತುರುಕುವವರಂತೆ.

ಹಳೆಯ ಯಂತ್ರವನ್ನು ಬಿಚ್ಚಿದವರು ಮತ್ತೆಮತ್ತೆ ಕಾಣುವ ಒಂದು ಸಂಗತಿಯುಂಟು. ಯಾರೋ ಹಿಂದೆ ಅದಕ್ಕೆ ಅಂದವಾಗಿ ಬಣ್ಣ ಬಳಿದಿರುತ್ತಾರೆ. ಬಣ್ಣದ ಪದರ ಎಣ್ಣೆಗಂಡಿಗಳನ್ನೆಲ್ಲ ಮುಚ್ಚಿಬಿಟ್ಟಿರುತ್ತದೆ. ಹೊರಗೆ ಹೊಸತಿನ ಹೊಳಪು, ಒಳಗೆ ಒಣಗಿದ ಕೀಲು. ಅನಂತರ ಬಂದ ಕೆಲಸಗಾರನಿಗೆ ಅಲ್ಲಿ ಗಂಡಿಯಿತ್ತೆಂಬುದೇ ತಿಳಿಯದು. ಯಂತ್ರವನ್ನು ಕೆಡಿಸಿದವನು ಅದನ್ನು ದ್ವೇಷಿಸಿದವನಲ್ಲ, ಅಲಂಕರಿಸಿದವನು. ಆಯುಧಪೂಜೆಯಂದು ಕಾರ್ಖಾನೆಗಳಲ್ಲಿ ಯಂತ್ರಗಳನ್ನು ಒರೆಸಿ, ಅರಿಸಿನ ಕುಂಕುಮವಿಟ್ಟು, ಹೂ ಮುಡಿಸುತ್ತಾರೆ. ಉಪಕರಣಕ್ಕೆ ಕೃತಜ್ಞತೆಯನ್ನು ಸಲ್ಲಿಸುವ ಆ ಭಾವ ದೊಡ್ಡದು. ಆದರೆ ವರ್ಷಕ್ಕೊಮ್ಮೆ ಹೂವಿಟ್ಟು, ಮಿಕ್ಕ ದಿನಗಳಲ್ಲಿ ಎಣ್ಣೆಯ ಹನಿಯನ್ನು ಮರೆತರೆ ಆ ಕೃತಜ್ಞತೆ ಎಲ್ಲಿ ಉಳಿಯಿತು? ಹೂವನ್ನು ನೋಡುವ ಕಣ್ಣುಗಳು ಹಲವು. ಎಣ್ಣೆಯ ಹನಿಯನ್ನು ನೋಡುವವರಿಲ್ಲ. ನೋಡುವವರಿಲ್ಲದಲ್ಲಿ ಮಾಡಿದ ಉಪಚಾರವೇ ಆಚಾರದ ಒರೆಗಲ್ಲು.

ಆದುದರಿಂದ ಉದ್ಧಾರದ ಕ್ರಮವೂ ಒಳಗಿನಿಂದ ಹೊರಕ್ಕೆ ಸಾಗಬೇಕು. ಬಿಗಿದುಕೊಂಡ ತಿರುಪನ್ನು ಬಲದಿಂದ ತಿರುಗಿಸಿದರೆ ಮುರಿಯುತ್ತದೆ. ಸಂದಿಗೆ ಇಳಿಯುವ ತೆಳು ಎಣ್ಣೆಯನ್ನು ಹನಿಸಿ ದಿನಗಟ್ಟಲೆ ಕಾಯಬೇಕು, ಬೇಕಾದರೆ ಮೆಲ್ಲಗೆ ಕಾಯಿಸಬೇಕು. ವಾರ್ನಿಷಿನಂತೆ ಗಟ್ಟಿಯಾದ ಹಳೆಯ ಎಣ್ಣೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಗಂಡಿಗಳನ್ನು ತಂತಿಯಿಂದ ಬಿಡಿಸಿ, ಬತ್ತಿಯ ಉಣ್ಣೆಯನ್ನು ಬದಲಿಸಿ, ಆಮೇಲೆ ಹೊಸ ಎಣ್ಣೆಯನ್ನು ಕೊಡಬೇಕು. ಕೊಳೆಯನ್ನು ತೆಗೆಯದೆ ಸುರಿದ ಎಣ್ಣೆ ಆ ಕೊಳೆಯನ್ನು ಒಳಗೊಳಗೆ ಸಾಗಿಸುವುದಷ್ಟೆ. ಬಣ್ಣ ಕಟ್ಟಕಡೆಯದು.

ಜಾರುದಾರಿಯ ಸವೆತವನ್ನು ಸರಿಪಡಿಸುವುದು ಇನ್ನೂ ಸೂಕ್ಷ್ಮ. ಚೌಕಟ್ಟು ನಿತ್ಯವೂ ಓಡಾಡುವ ಭಾಗ ಹೆಚ್ಚು ಸವೆದಿರುತ್ತದೆ. ಅಪರೂಪಕ್ಕೆ ಮುಟ್ಟುವ ಕೊನೆಗಳು ಮೊದಲಿನಂತೆಯೇ ಇರುತ್ತವೆ. ಸವೆದ ನಡುವಿಗೆ ಸರಿಯಾಗಿ ಬಿಗಿಮಾಡಿದರೆ ಕೊನೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಕೊನೆಗೆ ಸರಿಯಾಗಿ ಬಿಟ್ಟರೆ ನಡುವೆ ಅಲುಗಾಡುತ್ತದೆ. ಎಲ್ಲೆಡೆಯೂ ಒಂದೇ ಬಿಗಿತ ಬೇಕಾದರೆ ಸವೆಯದ ಭಾಗವನ್ನೇ ಅಳತೆಗೋಲಾಗಿಟ್ಟುಕೊಂಡು ದಾರಿಯನ್ನೆಲ್ಲ ಹೊಸದಾಗಿ ಕೆತ್ತಬೇಕು. ಅಭ್ಯಾಸದಿಂದ ಸವೆದ ಮನಸ್ಸನ್ನು ತಿದ್ದುವಾಗಲೂ ಕೇವಲ ಬಿಗಿಮಾಡುವುದರಿಂದ ಪ್ರಯೋಜನವಿಲ್ಲ. ಅದರಲ್ಲಿ ಸವೆಯದೆ ಉಳಿದದ್ದನ್ನು ಹುಡುಕಿ, ಅದರ ನೇರಕ್ಕೆ ಉಳಿದದ್ದನ್ನು ತರಬೇಕು.

ಕಾರ್ಖಾನೆಯವರಲ್ಲಿ ಇನ್ನೊಂದು ನಿಯಮವುಂಟು. ಸಲಾಕೆಯನ್ನು ಅರ್ಧ ಕೊಯ್ದಾಗ ಅಲಗು ಮುರಿದರೆ ಹೊಸ ಅಲಗನ್ನು ಹಳೆಯ ಗೀರಿನಲ್ಲಿ ಇಳಿಸಬಾರದು. ಹಳೆಯ ಅಲಗು ಸವೆದು ತೆಳುವಾಗಿದ್ದುದರಿಂದ ಗೀರು ಇಕ್ಕಟ್ಟಾಗಿರುತ್ತದೆ. ಹೊಸ ಹಲ್ಲು ಅಲ್ಲಿ ಸಿಕ್ಕಿ ಮುರಿಯುತ್ತದೆ. ಸಲಾಕೆಯನ್ನು ಹೊರಳಿಸಿ ಎದುರಿನ ಬದಿಯಿಂದ ಕೊಯ್ಯಲು ತೊಡಗಬೇಕು. ಹಿರಿಯರು ಬಿಟ್ಟುಹೋದ ಕೆಲಸವನ್ನು ಮುಂದುವರಿಸುವ ಕಿರಿಯರಿಗೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕಿಲ್ಲ. ಗುರಿ ಒಂದೇ ಇರಲಿ, ಗೀರು ತಮ್ಮದಾಗಿರಲಿ.

ಇನ್ನು ಉದ್ಧಾರಕ್ಕೆ ಮಿತಿಯುಂಟೇ ಎಂಬುದನ್ನು ನೋಡಬೇಕು. ಇಂಗ್ಲೆಂಡಿನಲ್ಲಿ ಹಳೆಯ ಇಗರ್ಜಿಗಳನ್ನು ಕೆರೆದು ಹೊಸದರಂತೆ ಮಾಡುವ ಹುಚ್ಚು ಹಬ್ಬಿದಾಗ, ವಿಲಿಯಂ ಮಾರಿಸ್ 1877 ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗಾಗಿ ಸಂಘವೊಂದನ್ನು ಕಟ್ಟಿ, ಕಲ್ಪಿತವಾದ ಪೂರ್ವರೂಪಕ್ಕೆ ಮರಳಿಸುವುದನ್ನು ವಿರೋಧಿಸಿ, ನಿತ್ಯದ ದುರಸ್ತಿಯನ್ನೇ ಎತ್ತಿಹಿಡಿದನು. ಕಾಲವು ಬರೆದ ಗುರುತನ್ನು ಅಳಿಸುವುದು ಸತ್ಯಕ್ಕೆ ಬಗೆದ ಅಪಚಾರವೆಂಬುದು ಆ ಪಕ್ಷದ ಸಾರ. ಅದು ಒಪ್ಪತಕ್ಕದ್ದೇ. ಆದರೆ ಯಂತ್ರದ ಬಳಿ ಮನುಷ್ಯನ ಕೈ ಇರುತ್ತದೆ. ಹಿಂದಿನ ಎಷ್ಟೋ ಯಂತ್ರಗಳಲ್ಲಿ ಪಟ್ಟಿಗೂ ಹಲ್ಲುಗಾಲಿಗೂ ಮರೆಯಿರುತ್ತಿರಲಿಲ್ಲ. ಹಳೆಯ ತಂತಿಯ ಹೊದಿಕೆ ಪುಡಿಯಾಗಿ ಮೈಯೆಲ್ಲ ವಿದ್ಯುತ್ತು ಹರಿಯುವ ಅಪಾಯವುಂಟು. ಹಳೆಯ ಬಣ್ಣದಲ್ಲಿ ಎಷ್ಟೋ ಸಲ ಸೀಸವಿರುವುದರಿಂದ ಅದನ್ನು ಒಣದಾಗಿ ಉಜ್ಜಿದರೆ ಧೂಳು ವಿಷವಾಗುತ್ತದೆ. ಪೂರ್ವರೂಪಕ್ಕೆ ನಿಷ್ಠೆಯೆಂದು ಈ ಅಪಾಯಗಳನ್ನೂ ಉಳಿಸಿಕೊಂಡರೆ ಕೆಲಸಗಾರನ ಬೆರಳು ಆ ನಿಷ್ಠೆಯ ಬೆಲೆಯನ್ನು ತೆರಬೇಕಾಗುತ್ತದೆ. ಅಲ್ಲಿ ಸಂಕೋಚಪಡಬೇಕಾಗಿಲ್ಲ, ಮರೆಯನ್ನು ಕಟ್ಟಬೇಕು, ತಂತಿಯನ್ನು ಬದಲಿಸಬೇಕು. ಹಿರಿಯರ ಕೌಶಲವನ್ನು ಉಳಿಸುವುದು ಧರ್ಮ, ಅವರ ಕಾಲದ ಅಜಾಗರೂಕತೆಯನ್ನು ಉಳಿಸುವುದು ಧರ್ಮವಲ್ಲ. ಎರಕದ ಮೈ ಬಿರುಕುಬಿಟ್ಟು ನಂಬಲಾರದಂತಾಗಿದ್ದರೆ ಅದನ್ನು ಕುಲುಮೆಗೆ ಕಳುಹಿಸುವುದೇ ಗೌರವ.

ಹೀಗೆ ವಿಚಾರಿಸಿದಾಗ ಮೊದಲಿನ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ನನ್ನದೆಂಬ ಕಾರಣದಿಂದ ಉಳಿಸಿದರೆ ಅದು ಮೋಹ; ನೋಡುವವರ ಮೆಚ್ಚಿಕೆಗಾಗಿ ಉಳಿಸಿದರೆ ಅದು ಆಡಂಬರ; ಮಾಡಿದವರ ಶ್ರಮ ವ್ಯರ್ಥವಾಗಬಾರದು, ಮುಂದೆ ದುಡಿಯುವವನಿಗೆ ನೆರವಾಗಬೇಕು, ಅವನಿಗೆ ಕೇಡಾಗಬಾರದು ಎಂದು ಉಳಿಸಿದರೆ ಅದು ಧರ್ಮ. ಇವು ಮೂರೂ ಹೊರನೋಟಕ್ಕೆ ಒಂದೇ ಆಗಿ ಕಾಣಬಹುದು. ಮೋಹಿಯು ಯಂತ್ರಕ್ಕೆ ಹೊದಿಕೆ ಹಾಕಿ ಬೀಗವಿಕ್ಕುತ್ತಾನೆ. ಆಡಂಬರದವನು ಬಣ್ಣ ಬಳಿಯುತ್ತಾನೆ. ಧರ್ಮವನ್ನರಿತವನು ಪ್ರತಿದಿನ ಕೆಲಸಕ್ಕೆ ಮೊದಲು ಎಣ್ಣೆಗಂಡಿಗಳಿಗೆ ಹನಿ ಹಾಕುತ್ತಾನೆ, ಸಂಜೆ ಹುಡಿಯನ್ನು ಒರೆಸುತ್ತಾನೆ, ತನ್ನ ಬಳಿಕ ಬರುವವನಿಗೆ ಗಂಡಿಗಳು ಎಲ್ಲೆಲ್ಲಿವೆಯೆಂದು ತೋರಿಸಿಕೊಡುತ್ತಾನೆ.

ಕಡೆಯ ಕೆಲಸ ಸಣ್ಣದಲ್ಲ. ದುಡಿದು ಸವೆದ ಮನುಷ್ಯರೂ ಪ್ರತಿ ಮನೆಯಲ್ಲಿದ್ದಾರೆ. ಅವರಿಗೆ ವರ್ಷಕ್ಕೊಮ್ಮೆ ಶಾಲು ಹೊದಿಸಿ ಹಾರ ಹಾಕುವುದು ಸುಲಭ. ದಿನಕ್ಕೊಮ್ಮೆ ಬಳಿಯಲ್ಲಿ ಕುಳಿತು ಒಂದು ಮಾತನಾಡುವುದು ಕಷ್ಟ. ಯಂತ್ರಕ್ಕಾದರೋ ನೋವಿಲ್ಲ, ಅದು ಕಿರುಚಿ ತಿಳಿಸುತ್ತದೆ. ಮನುಷ್ಯರಲ್ಲಿ ಹಲವರು ಕಿರುಚದೆ ಸವೆಯುತ್ತಾರೆ. ಹನಿ ಎಣ್ಣೆಯ ಬೆಲೆಯನ್ನು ಕಬ್ಬಿಣದಿಂದ ಕಲಿತವನು ಅದನ್ನು ಮನೆಯಲ್ಲಿ ಮರೆಯದಿರಲಿ.